ಎರಡು ಹಂಗಾಮು ದುಡಿದ ಕಬ್ಬಿನ ಟ್ರೇಲರ್: ಚಾಸಿ ಮತ್ತು ಕಮಾನನ್ನು ನಾವೇ ಆರಿಸಿ ಮಾಡಿಸಿದ ಅನುಭವ

2024ರ ಮೇ ತಿಂಗಳಲ್ಲಿ ಮಂಡ್ಯ ನಗರದ ಹೊರವಲಯದ ಒಂದು ಕಾರ್ಯಾಗಾರದಲ್ಲಿ ನಮ್ಮ ಟ್ರ್ಯಾಕ್ಟರಿಗೆಂದು ಎರಡು ಚಕ್ರದ ಕಬ್ಬಿನ ಟ್ರೇಲರೊಂದನ್ನು ಮಾಡಿಸಿದೆವು. ಅಂಗಳದಲ್ಲಿ ಸಿದ್ಧವಾಗಿ ನಿಂತಿದ್ದ ಟ್ರೇಲರುಗಳಲ್ಲಿ ಒಂದನ್ನು ಎಳೆದು ತರುವ ಬದಲು, ಚಾಸಿಯ (ಗಾಡಿಯ ಅಡಿಗಟ್ಟಿನ) ಚಾನಲ್, ಅಂದರೆ ಒಂದು ಬದಿ ತೆರೆದ ಉಕ್ಕಿನ ತೊಲೆ, ಎಷ್ಟು ಎತ್ತರದ್ದಿರಬೇಕು, ಚಕ್ರಗಳನ್ನು ಕೂಡಿಸುವ ಆಕ್ಸಲ್ ಎಲ್ಲಿ ಕೂರಬೇಕು, ಕಮಾನಿಗೆ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿಗೆ) ಎಷ್ಟು ಪಟ್ಟಿ, ಯಾವ ದಪ್ಪದ ಪಟ್ಟಿ ಎಂಬುದನ್ನೆಲ್ಲ ಮೇಸ್ತ್ರಿಯ ಜೊತೆ ಕುಳಿತು ನಿರ್ಧರಿಸಿ, ಕಾಗದದಲ್ಲಿ ಬರೆದು, ಅದರಂತೆ ಕಟ್ಟಿಸಿದ ಗಾಡಿ ಇದು. ಈಗ ಅದು ಎರಡು ಹಂಗಾಮಿನ ಕಬ್ಬನ್ನೂ ಎರಡು ಬೇಸಿಗೆಯ ಕೊಟ್ಟಿಗೆ ಗೊಬ್ಬರವನ್ನೂ ಹೊತ್ತಿದೆ. ಮೊದಲ ವಾರದಲ್ಲೇ ಬರೆದಿದ್ದರೆ ಬಣ್ಣದ ಬಗ್ಗೆ ಬರೆದಂತಾಗುತ್ತಿತ್ತು. ಚಾಸಿ ಮತ್ತು ಕಮಾನಿನ ಗುಣ ತಿಳಿಯಲು ಒಂದು ಮಳೆಗಾಲವಾದರೂ ಕಳೆಯಬೇಕು ಎಂದು ಕಾದೆ. ಕಾರ್ಯಾಗಾರದ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಮೆಚ್ಚುಗೆಯ ಜೊತೆಗೆ ಅವರ ಮೇಲೆ ನನ್ನದೊಂದು ದೊಡ್ಡ ದೂರೂ ಇದೆ.

ನಮ್ಮ ಭಾಗದಲ್ಲಿ ಕಬ್ಬಿನ ಗಾಡಿಗೆ ಬೀಳುವ ಪೆಟ್ಟು ಬೇರೆ ತರಹದ್ದು. ಬೆಳಗಾವಿ, ಬಾಗಲಕೋಟೆಯ ಕಡೆ ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಕಬ್ಬು ನುರಿಸುವುದು ಆರಂಭವಾಗುತ್ತದೆ. ಮಂಡ್ಯದಲ್ಲಿ ಜೂನ್ ಜುಲೈ ತಿಂಗಳಲ್ಲೇ, ಮುಂಗಾರಿನ ನಡುವೆ, ಕಟಾವು ಶುರುವಾಗುತ್ತದೆ. ಆಲೆಮನೆಗಳಿಗಂತೂ ಹಂಗಾಮಿನ ಹಂಗೇ ಇಲ್ಲ. 2024ರ ಜುಲೈನಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುತ್ತಿದ್ದ ಕಾಲದಲ್ಲಿ ನಮ್ಮ ಗದ್ದೆಯ ಮಣ್ಣು ಮೊಣಕಾಲಿನವರೆಗೆ ಕಾಲನ್ನು ಹಿಡಿಯುತ್ತಿತ್ತು. ಆ ಕೆಸರಿನಿಂದ ತುಂಬಿದ ಟ್ರೇಲರ್ ಮೊದಲು ಬದು ಹತ್ತಬೇಕು, ಆಮೇಲೆ ನಾಲೆ ಏರಿಯ ಕಿರಿದಾದ ದಾರಿ, ಅಲ್ಲಿಂದ ಊರಿನ ಡಾಂಬರು ರಸ್ತೆ, ಕೊನೆಗೆ ಹೆದ್ದಾರಿಯ ಸರ್ವಿಸ್ ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲದ ಕಾರಣ, ಹಂಪುಗಳೂ ತಿರುವುಗಳೂ ತುಂಬಿದ ಸರ್ವಿಸ್ ರಸ್ತೆಯೇ ನಮಗೆ ಗತಿ. ಬದು ಹತ್ತುವಾಗ ಚಾಸಿ ತಿರುಚುತ್ತದೆ, ಹಂಪಿನಲ್ಲಿ ಕಮಾನು ಜಜ್ಜುತ್ತದೆ. ಈ ಎರಡನ್ನೂ ಒಂದೇ ಗಾಡಿ ತಡೆಯಬೇಕು.

ಹಳೆಯ ಟ್ರೇಲರ್ ಅದನ್ನು ತಡೆಯಲಿಲ್ಲ. ಅದರ ಉದ್ದ ಚಾನಲುಗಳು 100 ಮಿಲಿಮೀಟರ್ ಎತ್ತರದವು, ಕಮಾನಿನಲ್ಲಿ ಮೊದಲಿದ್ದದ್ದು ಹತ್ತು ಪಟ್ಟಿ. ಗಾಡಿ ಕುಗ್ಗಿದಂತೆ ಕಂಡಾಗಲೆಲ್ಲ ಅಪ್ಪ ಒಂದೊಂದು ಪಟ್ಟಿ ಸೇರಿಸುತ್ತ ಬಂದು, ಕೊನೆಗೆ ಹದಿನಾಲ್ಕಾಗಿತ್ತು. 2023ರ ಕೊನೆಯಲ್ಲಿ ಎಡಗಡೆಯ ಚಾನಲಿನಲ್ಲಿ, ಕಮಾನನ್ನು ಚಾಸಿಗೆ ಹಿಡಿಸುವ ಮುಂದಿನ ಹ್ಯಾಂಗರಿನ ಹತ್ತಿರ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡಿತು. ಅದು ಬಣ್ಣ ಬಿಟ್ಟ ಗೆರೆಯೋ ಬಿರುಕೋ ಎಂದು ತಿಳಿಯಲು ಊರಿನ ವೆಲ್ಡಿಂಗ್ ಅಂಗಡಿಯವರು ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಕಡ್ಡಿಯ ಪುಡಿ ಉಜ್ಜಿದರು. ಸ್ವಲ್ಪ ಹೊತ್ತಿಗೆ ಬಿಳಿಯ ಪುಡಿಯ ಮೇಲೆ ಸೀಮೆಎಣ್ಣೆ ಒಸರಿ, ಎರಡು ಅಂಗುಲ ಉದ್ದದ ಒದ್ದೆ ಗೆರೆ ಮೂಡಿತು. ಚಾನಲಿನ ಕೆಳ ಅಂಚಿಗೆ ಅಡ್ಡಲಾಗಿ ಹಾಕಿದ್ದ ಬೆಸುಗೆಯ ತುದಿಯಲ್ಲೇ ಅದು ಹುಟ್ಟಿತ್ತು. ಅದರ ಮೇಲೆ ಪ್ಲೇಟ್ ಇಟ್ಟು ಬೆಸೆದದ್ದಾಯಿತು. ಎರಡು ತಿಂಗಳಲ್ಲಿ ಆ ಪ್ಲೇಟಿನ ಪಕ್ಕದಲ್ಲಿ ಇನ್ನೊಂದು ಬಿರುಕು ಬಂತು.

ಹೊಸ ಗಾಡಿ ಮಾಡಿಸಲು ಈ ಕಾರ್ಯಾಗಾರಕ್ಕೆ ಹೋದಾಗ ಅಲ್ಲಿನ ಹಿರಿಯ ಮೇಸ್ತ್ರಿ ಹಳೆಯ ಬಿರುಕಿನ ಕಥೆಯನ್ನು ಪೂರ್ತಿ ಕೇಳಿದರು. ಪಟ್ಟಿ ಹದಿನಾಲ್ಕಾಗಿತ್ತು ಎಂದಾಗ, "ಕಮಾನು ಬಗ್ಗದೆ ನಿಂತ್ರೆ ಚಾಸಿ ಬಗ್ಗಬೇಕಾಯ್ತದೆ ಕಣಪ್ಪ" ಎಂದರು. ನಾವು ಅಷ್ಟು ವರ್ಷ ಗಟ್ಟಿ ಮಾಡುತ್ತಿದ್ದೇವೆ ಎಂದುಕೊಂಡು ಮಾಡಿದ ಕೆಲಸವೇ ಚಾಸಿಯನ್ನು ಮುರಿದಿತ್ತು. ಹಳ್ಳಕ್ಕೆ ಚಕ್ರ ಬಿದ್ದಾಗ ಬರುವ ಹೊಡೆತವನ್ನು ಕಮಾನು ತನ್ನೊಳಗೆ ತೆಗೆದುಕೊಂಡು ನಿಧಾನವಾಗಿ ಬಿಡಬೇಕು. ಅದು ಕಲ್ಲಿನಂತೆ ನಿಂತರೆ ಆ ಹೊಡೆತ ಹ್ಯಾಂಗರಿನ ಮೂಲಕ ನೇರವಾಗಿ ಚಾನಲಿಗೆ ಹೋಗಿ, ಬೆಸುಗೆಯ ತುದಿಯಂಥ ಬಲಹೀನ ಜಾಗವನ್ನು ಹುಡುಕಿಕೊಳ್ಳುತ್ತದೆ. ಚಾಸಿಯನ್ನೂ ಕಮಾನನ್ನೂ ಬೇರೆ ಬೇರೆಯಾಗಿ ಆರಿಸಲು ಬರುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಆ ದಿನ, ಮತ್ತು ಆ ಕಾರ್ಯಾಗಾರಕ್ಕೇ ಕೆಲಸ ಕೊಡಬೇಕೆಂದು ತೀರ್ಮಾನಿಸಿದ್ದೂ ಆ ಒಂದು ಮಾತಿನಿಂದಲೇ.

ಮೊದಲ ಪ್ರಶ್ನೆ ಎರಡು ಚಕ್ರವೋ ನಾಲ್ಕು ಚಕ್ರವೋ ಎಂಬುದಾಗಿತ್ತು. ನಾಲ್ಕು ಚಕ್ರದ ಟ್ರೇಲರ್ ಹೆಚ್ಚು ಹೊರುತ್ತದೆ, ಆದರೆ ತನ್ನ ಭಾರವನ್ನೆಲ್ಲ ತನ್ನ ಚಕ್ರಗಳ ಮೇಲೆಯೇ ಇಟ್ಟುಕೊಳ್ಳುತ್ತದೆ. ಕೆಸರಿನಲ್ಲಿ ಟ್ರ್ಯಾಕ್ಟರಿನ ಹಿಂಗಾಲಿಗೆ ಅದರಿಂದ ಯಾವ ಹಿಡಿತವೂ ಸಿಗುವುದಿಲ್ಲ. ಎರಡು ಚಕ್ರದ್ದಾದರೆ ಭಾರದ ಒಂದು ಪಾಲು ಟ್ರೇಲರನ್ನು ಟ್ರ್ಯಾಕ್ಟರಿಗೆ ಕೂಡಿಸುವ ಕೊಂಡಿಯ ಮೇಲೆ ಬಿದ್ದು, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳನ್ನು ಮಣ್ಣಿಗೆ ಒತ್ತುತ್ತದೆ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೂಕಿಯ ಕಡೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರ್ಯಾಕ್ಟರಿನಲ್ಲೂ ಅಷ್ಟೇ: ಕೊಂಡಿಯ ಮೇಲೆ ಭಾರ ಅತಿಯಾದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಕಡಿಮೆಯಾದರೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಭಾರದ ಸುಮಾರು ನೂರಕ್ಕೆ 15 ಪಾಲು ಕೊಂಡಿಗೆ ಬರಲಿ ಎಂದು ನಿರ್ಧರಿಸಿದೆವು. ನಮ್ಮ ತೊಟ್ಟಿ 12 ಅಡಿ ಉದ್ದ, 6 ಅಡಿ ಅಗಲ. ಕೊಂಡಿಯಿಂದ ತೊಟ್ಟಿಯ ಮುಂಗಡೆಯವರೆಗೆ 5 ಅಡಿ. ಈ ಅಳತೆಗೆ ಆಕ್ಸಲ್ ತೊಟ್ಟಿಯ ನಡುಗೆರೆಯಿಂದ 23 ಅಂಗುಲ ಹಿಂದಕ್ಕೆ ಕೂರಬೇಕೆಂದು ಲೆಕ್ಕ ಬಂತು. ಅಂಗಳದಲ್ಲಿದ್ದ ಸಿದ್ಧ ಟ್ರೇಲರುಗಳಲ್ಲಿ ಒಂದೆರಡರ ಆಕ್ಸಲ್ ನಡುಗೆರೆಗೆ ಬಹಳ ಹತ್ತಿರವಿತ್ತು. ಅವು ಒಣ ನೆಲದಲ್ಲಿ ಹೇಗೋ ನಡೆದಾವು, ನಮ್ಮ ಗದ್ದೆಗಲ್ಲ.

ತೊಟ್ಟಿಯನ್ನು ಎತ್ತಿ ಸುರಿಯುವ ಹೈಡ್ರಾಲಿಕ್ ಟಿಪ್ಪಿಂಗ್ ಬೇಡವೆಂದೆವು. ಕಾರ್ಖಾನೆಯಲ್ಲಿ ಕ್ರೇನ್ ಇಳಿಸುತ್ತದೆ, ಆಲೆಮನೆಯಲ್ಲಿ ಆಳುಗಳು ಇಳಿಸುತ್ತಾರೆ, ಗೊಬ್ಬರಕ್ಕೆ ಹಿಂದಿನ ಹಲಗೆ ತೆಗೆದರೆ ಸಾಕು.

ಚಾಸಿಗೆ ಕಾರ್ಯಾಗಾರದವರು ಸಾಮಾನ್ಯವಾಗಿ ಹಾಕುವುದು 125 ಮಿಲಿಮೀಟರ್ ಎತ್ತರದ ಚಾನಲ್. ನಾವು 150ರದ್ದನ್ನು ಕೇಳಿದೆವು. 125ರ ಚಾನಲ್ ಒಂದು ಮೀಟರಿಗೆ ಸುಮಾರು 13 ಕೆ.ಜಿ. ತೂಗಿದರೆ 150ರದ್ದು 17 ಕೆ.ಜಿ.ಗೆ ಹತ್ತಿರ ತೂಗುತ್ತದೆ. ಎರಡು ಉದ್ದ ಚಾನಲ್ ಸೇರಿ ನಮ್ಮ ಗಾಡಿಯಲ್ಲಿ ಹೆಚ್ಚಾದ ತೂಕ 30 ಕೆ.ಜಿ. ಮಾತ್ರ. ಆದರೆ ಬಾಗುವುದನ್ನು ತಡೆಯುವ ಶಕ್ತಿ ಒಂದೂವರೆ ಪಟ್ಟನ್ನೂ ಮೀರುತ್ತದೆ, ಏಕೆಂದರೆ ಚಾನಲಿನ ಬಲ ಅದರ ತೂಕಕ್ಕಿಂತ ಹೆಚ್ಚಾಗಿ ಅದರ ಎತ್ತರದಲ್ಲಿದೆ. ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಟ್ಟ ಬದಲಾವಣೆ ಇನ್ನೊಂದಿಲ್ಲ. ಕಬ್ಬಿಣ ಬಂದ ದಿನ ಮಾಲೀಕರು, ನಾವು ಕೇಳುವ ಮೊದಲೇ, ಉಕ್ಕಿನ ಪರೀಕ್ಷಾ ಪತ್ರ ತಂದು ತೋರಿಸಿದರು. ಐಎಸ್ 2062 ಎಂಬ ಭಾರತೀಯ ಮಾನದಂಡದ ಇ250 ದರ್ಜೆ ಎಂದು ಅದರಲ್ಲಿತ್ತು, ಚಾನಲಿನ ಮೇಲಿನ ಅಚ್ಚೂ ಅದಕ್ಕೆ ಹೊಂದುತ್ತಿತ್ತು. ಗುಜರಿಯ ಕಬ್ಬಿಣವನ್ನು ಬಣ್ಣದಡಿ ಮುಚ್ಚಿ ಹೊಸದೆಂದು ಕೊಡುವವರೂ ಇರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಎರಡು ಚಾನಲುಗಳನ್ನು ಎದುರುಬದುರು ಕೂಡಿಸಿ ಪೆಟ್ಟಿಗೆಯಂತೆ ಮುಚ್ಚಿಬಿಡಿ ಎಂದು ನಾನು ಒತ್ತಾಯಿಸಿದ್ದೆ. ಮೇಸ್ತ್ರಿ ಒಪ್ಪಲಿಲ್ಲ, ಮತ್ತು ಅವರೇ ಸರಿ ಎಂದು ಈಗ ಹೇಳಬಲ್ಲೆ. ತೆರೆದ ಚಾನಲಿನ ಏಣಿಯಂಥ ಚಾಸಿ ತುಸು ತಿರುಚಿಕೊಳ್ಳುತ್ತದೆ. ಒಂದು ಚಕ್ರ ಬದುವಿನ ಮೇಲೆ, ಇನ್ನೊಂದು ಕೆಳಗೆ ಇರುವಾಗ ಆ ತಿರುಚುವಿಕೆಯೇ ಎರಡೂ ಚಕ್ರಗಳನ್ನು ನೆಲಕ್ಕೆ ಹಿಡಿದಿಡುತ್ತದೆ. ಮುಚ್ಚಿದ ಪೆಟ್ಟಿಗೆ ತಿರುಚುವುದಕ್ಕೆ ಬಗ್ಗುವುದಿಲ್ಲ. ಆಗ ಆ ಒತ್ತಡವೆಲ್ಲ ಅಡ್ಡ ಚಾನಲುಗಳು ಸೇರುವ ಮೂಲೆಗಳಿಗೆ ಹೋಗುತ್ತದೆ. ಜೊತೆಗೆ ಪೆಟ್ಟಿಗೆಯೊಳಗೆ ಇಳಿದ ಕೆಸರು ನೀರು ಹೊರಗೆ ಬಾರದೆ, ಕಣ್ಣಿಗೆ ಕಾಣದ ಕಡೆ ತುಕ್ಕು ಹಿಡಿಸುತ್ತದೆ.

ಈ ಕಾರ್ಯಾಗಾರದ ನಿಜವಾದ ಕೈಚಳಕ ಕಂಡದ್ದು ಬೆಸುಗೆಯನ್ನು ಎಲ್ಲಿ ಹಾಕಬಾರದು ಎಂಬುದರಲ್ಲಿ. ಚಾನಲಿನ ಮೇಲಂಚು, ಕೆಳಂಚುಗಳಿಗೆ ಅಡ್ಡ ಬೆಸುಗೆ ಒಂದೂ ಇಲ್ಲ, ತೂತಂತೂ ಇಲ್ಲವೇ ಇಲ್ಲ. ಬಾಗುವಾಗ ಹೆಚ್ಚು ಎಳೆತ, ಒತ್ತಡ ಬೀಳುವುದು ಈ ಎರಡು ಅಂಚುಗಳಲ್ಲಿ; ನಡುವಿನ ಗೋಡೆಯಲ್ಲಿ ಅದು ಕಡಿಮೆ. ಆದ್ದರಿಂದ ಕಮಾನಿನ ಹ್ಯಾಂಗರುಗಳನ್ನು ನಡುಗೋಡೆಗೆ, ಒಳಗಡೆ ಇನ್ನೊಂದು ಪ್ಲೇಟ್ ಕೊಟ್ಟು, ನಾಲ್ಕು ನಾಲ್ಕು ಬೋಲ್ಟುಗಳಿಂದ ಬಿಗಿದಿದ್ದಾರೆ. ಮೂಲೆಗಳಿಗೆ ಕೊಟ್ಟ ಪ್ಲೇಟುಗಳ ತುದಿಯನ್ನು ಚೌಕವಾಗಿ ಬಿಡದೆ ನಾಲಿಗೆಯಂತೆ ಇಳಿಜಾರಾಗಿ ಕತ್ತರಿಸಿ, ಗಟ್ಟಿ ಭಾಗದಿಂದ ಮೆದು ಭಾಗಕ್ಕೆ ಒತ್ತಡ ತಟ್ಟನೆ ಜಿಗಿಯದಂತೆ ಮಾಡಿದ್ದಾರೆ. ಮುಖ್ಯ ಬೆಸುಗೆಗಳಿಗೆ ಬಳಸಿದ ಕಡ್ಡಿಗಳನ್ನು ಬಿಸಿ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದುಕೊಳ್ಳುತ್ತಿದ್ದುದನ್ನು ನಾನೇ ನೋಡಿದೆ. ಆ ಜಾತಿಯ ಕಡ್ಡಿ ತೇವ ಹೀರಿದ್ದರೆ ಬೆಸುಗೆ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಡುತ್ತದೆ.

ಅಳತೆ ಸರಿಪಡಿಸಿದ ದಿನವನ್ನು ಮರೆಯಲಾರೆ. ಚಾಸಿಯನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ಇಟ್ಟು, ಮೇಸ್ತ್ರಿ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಎದುರು ಮೂಲೆಗೆ ನಡೆದರು. ಒಂದು ಕರ್ಣಕ್ಕೂ ಇನ್ನೊಂದಕ್ಕೂ 7 ಮಿಲಿಮೀಟರ್ ವ್ಯತ್ಯಾಸ ಬಂತು. ನನಗೆ ಅದು ಏನೂ ಅಲ್ಲವೆನಿಸಿತ್ತು. ಅವರು ಎರಡು ಅಡ್ಡ ಚಾನಲುಗಳ ತಾತ್ಕಾಲಿಕ ಬೆಸುಗೆಯನ್ನು ಗ್ರೈಂಡರಿನಿಂದ ಬಿಡಿಸಿ, ಜಾಕ್ ಕೊಟ್ಟು ಎಳೆದು, ಮತ್ತೆ ಅಳೆದರು. 2 ಮಿಲಿಮೀಟರಿಗೆ ಇಳಿಯಿತು. ಆಮೇಲೆ ಕೊಂಡಿಯ ಉಂಗುರದ ನಡುವಿನಿಂದ ಆಕ್ಸಲಿನ ಎಡ ತುದಿಗೆ ಒಂದು ನೂಲು, ಬಲ ತುದಿಗೆ ಒಂದು ನೂಲು ಹಿಡಿದು, ಎರಡೂ ಸಮವಾಗುವವರೆಗೆ ಆಕ್ಸಲನ್ನು ಮರದ ಸುತ್ತಿಗೆಯಿಂದ ಹದವಾಗಿ ತಟ್ಟಿದರು. ಒಂದು ಇಡೀ ಮಧ್ಯಾಹ್ನ ಹೋಯಿತು. ಟೈರು ಒಂದೇ ಪಕ್ಕ ಸವೆಯುವ ಟ್ರೇಲರುಗಳಲ್ಲಿ ಬಹುಪಾಲು ಈ ಮಧ್ಯಾಹ್ನವನ್ನು ಉಳಿಸಿದ ಕಾರ್ಯಾಗಾರಗಳಲ್ಲಿ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

ಆಕ್ಸಲ್ ವಿಷಯದಲ್ಲಿ ಆಯ್ಕೆ ಸುಲಭವಾಗಿತ್ತು. ಗುಜರಿಯಿಂದ ಹಳೆಯ ಲಾರಿಯ ಆಕ್ಸಲ್ ತಂದು ಹಾಕಿದರೆ ಕೆಲವು ಸಾವಿರ ಉಳಿಯುತ್ತದೆ. ಆದರೆ ಎಷ್ಟು ಲಕ್ಷ ಕಿಲೋಮೀಟರ್ ದುಡಿದು ದಣಿದ ಉಕ್ಕು ಅದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಹೊಸದಾಗಿ 80 ಮಿಲಿಮೀಟರ್ ಚೌಕದ ಗಟ್ಟಿ ಸರಳಿನ ಆಕ್ಸಲ್, ಟೇಪರ್ ಬೇರಿಂಗಿನ ಹಬ್, 9.00–20 ಅಳತೆಯ ಟೈರುಗಳನ್ನು ತೆಗೆದುಕೊಂಡೆವು. ಕಮಾನು ಕೂರುವ ಪೀಠವನ್ನು ಆಕ್ಸಲಿನ ಮೇಲ್ಭಾಗದ ಎರಡು ಪಕ್ಕಗಳಲ್ಲಿ ಮಾತ್ರ ಬೆಸೆದು, ಎಳೆತ ಬೀಳುವ ಕೆಳಮುಖವನ್ನು ಮುಟ್ಟದೆ ಬಿಟ್ಟದ್ದು ಸರಿಯಾದ ಕೆಲಸ.

ಕಮಾನಿನ ಬಗ್ಗೆ ಮೂರು ಸಂಜೆ ಮಾತಾಡಿದೆವು. ನಮ್ಮ ಲೆಕ್ಕ ಹೀಗಿತ್ತು: ಕಬ್ಬು ನಾಲ್ಕೂವರೆ ಟನ್; ಕಮಾನಿನ ಮೇಲೆ ಕೂರುವ ಚಾಸಿ, ತೊಟ್ಟಿಗಳ ತೂಕ ಮುಕ್ಕಾಲು ಟನ್; ಇದರಲ್ಲಿ ಸುಮಾರು 800 ಕೆ.ಜಿ. ಕೊಂಡಿಗೆ ಹೋದರೆ, ಉಳಿದದ್ದು ಎರಡು ಕಮಾನುಗಳಿಗೆ ಸಮನಾಗಿ ಹಂಚಿ ಒಂದೊಂದಕ್ಕೆ ಸುಮಾರು 2,200 ಕೆ.ಜಿ. ಬರುತ್ತದೆ. ಪಕ್ಕದ ಊರಿನ ಒಬ್ಬರು, ಲಾರಿಯ 14 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಹಾಕಿಸಿದರೆ ಜನ್ಮದಲ್ಲಿ ಮುರಿಯುವುದಿಲ್ಲ ಎಂದು ಹೇಳಿದ್ದರು. ಪಟ್ಟಿ ಮುರಿಯದಿರಬಹುದು, ಆದರೆ ಚಾಸಿಯ ಗತಿ ಏನು? ಪಟ್ಟಿಯ ಬಿಗಿ ಅದರ ಅಗಲಕ್ಕೂ ಸಂಖ್ಯೆಗೂ ತಕ್ಕಂತೆ ನೇರವಾಗಿ ಏರುತ್ತದೆ, ದಪ್ಪಕ್ಕಾದರೋ ಘನದ ಲೆಕ್ಕದಲ್ಲಿ ಏರುತ್ತದೆ. ಹತ್ತು ಪಟ್ಟಿಯ ಕಮಾನಿಗೆ ಹನ್ನೊಂದನೆಯದನ್ನು ಅದೇ ಉದ್ದದ ಲೆಕ್ಕದಲ್ಲಿ ಸೇರಿಸಿದರೆ ಬಿಗಿ ಹತ್ತನೇ ಒಂದು ಭಾಗ ಹೆಚ್ಚುತ್ತದೆ. ಹತ್ತೇ ಪಟ್ಟಿಗಳನ್ನು ಇಟ್ಟುಕೊಂಡು ದಪ್ಪವನ್ನು 12ರಿಂದ 14ಕ್ಕೆ ಏರಿಸಿದರೆ ಬಿಗಿ ನೂರಕ್ಕೆ ಅರವತ್ತರಷ್ಟು ಹೆಚ್ಚುತ್ತದೆ. ಕಣ್ಣಿಗೆ ಎರಡು ಮಿಲಿಮೀಟರ್ ಅಷ್ಟೇ, ಚಾಸಿಗೆ ಅದು ಬೇರೆಯೇ ಕಮಾನು. ಆದ್ದರಿಂದ ಕಮಾನು ಆರಿಸುವವರು ಪಟ್ಟಿ ಎಣಿಸಿ ಬರುವುದರ ಬದಲು ವರ್ನಿಯರ್ ಕ್ಯಾಲಿಪರ್ ಹಿಡಿದು ದಪ್ಪ ಅಳೆಯಬೇಕು.

ಕೊನೆಗೆ ನಾವು ತೆಗೆದುಕೊಂಡದ್ದು ತುದಿಯ ಸುರುಳಿಯ ಕಣ್ಣಿನಿಂದ ಕಣ್ಣಿಗೆ ಒಂದು ಮೀಟರ್ ಉದ್ದ, 75 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಹತ್ತು ಪಟ್ಟಿಗಳ ಹೊಸ ಸೆಟ್. ಉಕ್ಕು ಇಎನ್ 45, ಅಂದರೆ ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ ಸ್ಪ್ರಿಂಗ್ ಉಕ್ಕು. ಹಳೆಯ ಪಟ್ಟಿಗಳನ್ನು ಗ್ಯಾಸಿನಲ್ಲಿ ಕತ್ತರಿಸಿ, ಗ್ಯಾಸಿನಲ್ಲೇ ತೂತು ಅಗಲಿಸಿ ಹೊಂದಿಸುವ ರೂಢಿ ಹಲವು ಕಡೆ ಇದೆ. ಕಾಯಿಸಿದ ಜಾಗದಲ್ಲಿ ಹದ ಇಳಿದುಹೋಗಿ, ಮುಂದೆ ಪಟ್ಟಿ ಅಲ್ಲಿಯೇ ತುಂಡಾಗುತ್ತದೆ. ಈ ಕಾರ್ಯಾಗಾರದವರು ಚಾಸಿಗೆ ಬೆಸುಗೆ ಹಾಕುವಾಗಲೂ ಕಿಡಿ ಸಿಡಿಯದಂತೆ ಕಮಾನಿನ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ಲೋಹದ ಒಂದು ಹನಿ ಪಟ್ಟಿಯ ಮೇಲೆ ಬಿದ್ದು ಅಂಟಿದರೂ ಅಲ್ಲೊಂದು ಬಿರುಕಿಗೆ ಬೀಜ ಬಿದ್ದಂತೆ. ಕಮಾನಿನ ಮುಂದಿನ ಕಣ್ಣು ಹ್ಯಾಂಗರಿಗೆ ಪಿನ್ನಿನಿಂದ ಕೂಡಿದೆ, ಹಿಂದಿನ ಕಣ್ಣು ಶ್ಯಾಕಲ್ ಎಂಬ ಓಲಾಡುವ ಜೋಡಣೆಯಲ್ಲಿ ತೂಗುತ್ತದೆ. ಭಾರ ಬಿದ್ದು ಕಮಾನು ಚಪ್ಪಟೆಯಾಗುವಾಗ ಉದ್ದ ಹೆಚ್ಚುವುದರಿಂದ ಆ ತೂಗಾಟಕ್ಕೆ ಜಾಗ ಬೇಕೇ ಬೇಕು. ಕೆಸರಿನ ಕೆಲಸವಾದ್ದರಿಂದ ಪಿನ್ನಿನ ಸುತ್ತ ಕೂರುವ ಬುಷ್ ರಬ್ಬರಿನದು ಬೇಡವೆಂದು, ಗ್ರೀಸ್ ತುಂಬುವ ನಿಪ್ಪಲ್ ಇರುವ ಕಂಚಿನ ಬುಷ್ ಹಾಕಿಸಿದೆವು.

ಲೆಕ್ಕ ನಿಜವಾಯಿತೇ ಎಂದು ಮೊದಲ ಲೋಡಿನ ದಿನವೇ ನೋಡಿದೆ. ಖಾಲಿ ಗಾಡಿಯಲ್ಲಿ ಆಕ್ಸಲಿನ ಮೇಲ್ಮುಖದಿಂದ ಚಾನಲಿನ ಕೆಳಮುಖದವರೆಗಿನ ಅಂತರವನ್ನು ಎರಡೂ ಕಡೆ ಅಳೆದು ಬರೆದಿಟ್ಟುಕೊಂಡಿದ್ದೆ. ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಕಬ್ಬಿನ ತೂಕ 4,410 ಕೆ.ಜಿ. ಬಂತು. ಸರದಿಯಲ್ಲಿ ನಿಂತಾಗ ಗಾಡಿಯ ಕೆಳಗೆ ತೂರಿ ಮತ್ತೆ ಅಳೆದರೆ ಎಡಗಡೆ 26, ಬಲಗಡೆ 25 ಮಿಲಿಮೀಟರ್ ಇಳಿದಿತ್ತು. ಕಾಗದದ ಲೆಕ್ಕ ಹೇಳಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ಹಂಪು ದಾಟುವಾಗ ಹಳೆಯ ಗಾಡಿಯಲ್ಲಿ ಬೆನ್ನಿಗೆ ಬರುತ್ತಿದ್ದ ಹೊಡೆತ ಇದರಲ್ಲಿ ಇರಲಿಲ್ಲ. ಮೇಲಿನ ಕಬ್ಬು ಒಮ್ಮೆ ತೂಗಿ ಸುಮ್ಮನಾಗುತ್ತಿತ್ತು. ಖಾಲಿ ಬರುವಾಗ ಮಾತ್ರ ಗಾಡಿ ಕುಣಿಯುತ್ತದೆ ಎಂಬುದನ್ನೂ ಹೇಳಬೇಕು. ನಾಲ್ಕೂವರೆ ಟನ್ನಿಗೆ ಹದವಾದ ಕಮಾನು ಖಾಲಿ ತೊಟ್ಟಿಗೆ ಬಿಗಿಯೇ ಆಗುತ್ತದೆ, ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸುವುದೊಂದೇ ದಾರಿ.

ಈಗ ದೂರಿನ ವಿಷಯ. ಜುಲೈ ಮೂರನೇ ವಾರ, ಹೊಸ ಗಾಡಿಗೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ತುಂಬಿದ ಗಾಡಿಯನ್ನು ನಾಲೆ ಏರಿಗೆ ಹತ್ತಿಸಿ ಹಿಂದಕ್ಕೆ ತಿರುಗಿ ನೋಡಿದಾಗ, ಒದ್ದೆ ಮಣ್ಣಿನ ಮೇಲೆ ಟ್ರೇಲರಿನ ಚಕ್ರದ ಗುರುತು ಟ್ರ್ಯಾಕ್ಟರಿನ ಗುರುತಿನಿಂದ ನಾಲ್ಕು ಬೆರಳಷ್ಟು ಎಡಕ್ಕೆ ಸರಿದಿರುವುದು ಕಾಣಿಸಿತು. ನಿನ್ನೆಯವರೆಗೆ ಹಾಗಿರಲಿಲ್ಲ. ಇಳಿದು ನೋಡಿದರೆ ಎಡಗಡೆಯ ಕಮಾನಿನ ಸೆಂಟರ್ ಬೋಲ್ಟ್ ತುಂಡಾಗಿ, ಆಕ್ಸಲಿನ ಎಡ ತುದಿ ಎರಡು ಸೆಂಟಿಮೀಟರಿನಷ್ಟು ಹಿಂದೆ ಸರಿದಿತ್ತು. ಕಮಾನನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ನಟ್ಟುಗಳನ್ನು ಮುಟ್ಟಿ ನೋಡಿದೆ. ಒಂದು ಬರಿಗೈಗೇ ತಿರುಗಿತು. ಎಡಕ್ಕೆ ನಾಲೆಯ ನೀರು, ಮೇಲೆ ನಾಲ್ಕು ಟನ್ನಿಗೂ ಹೆಚ್ಚು ಕಬ್ಬು. ಪಕ್ಕದ ಹೊಲದವರ ಟ್ರೇಲರ್ ತರಿಸಿ, ಆಳುಗಳನ್ನು ಕರೆದು, ಮಳೆಯಲ್ಲೇ ಕಬ್ಬನ್ನು ವರ್ಗಾಯಿಸುವಷ್ಟರಲ್ಲಿ ಕತ್ತಲಾಯಿತು. ಉಳಿದ ಕಟಾವು ಎರಡು ದಿನ ಗದ್ದೆಯಲ್ಲೇ ಬಿದ್ದಿತ್ತು, ಮತ್ತು ಕಡಿದ ಕಬ್ಬು ಒಂದು ದಿನ ಕಳೆದರೆ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ.

ಸೆಂಟರ್ ಬೋಲ್ಟ್ ತುಂಡಾದರೆ ಬೋಲ್ಟ್ ಕಳಪೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಕೆಲಸ ಪಟ್ಟಿಗಳನ್ನು ಜೋಡಿಸಿ, ಕಮಾನನ್ನು ಪೀಠದ ಗುಳಿಯಲ್ಲಿ ಗುರುತಿನಂತೆ ನಿಲ್ಲಿಸುವುದು. ಆಕ್ಸಲನ್ನು ಹಿಡಿದಿಡುವುದು ಯು ಬೋಲ್ಟುಗಳ ಬಿಗಿತ. ಆ ಬಿಗಿತ ಸಡಿಲವಾದ ಮೇಲೆ ಬ್ರೇಕಿನ, ಎಳೆತದ ಭಾರವೆಲ್ಲ ಪುಟ್ಟ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ. ನಮ್ಮ ಗಾಡಿಯಲ್ಲಿ ಬಿಗಿತ ಸಡಿಲವಾದದ್ದಕ್ಕೆ ಕಾರಣ ಬಣ್ಣ. ಪೀಠ, ಪಟ್ಟಿ, ಕೆಳಪ್ಲೇಟು ಎಲ್ಲಕ್ಕೂ ದಪ್ಪವಾಗಿ ಎರಡು ಕೈ ಬಣ್ಣ ಹೊಡೆದು ಆಮೇಲೆ ಜೋಡಿಸಿದ್ದರು. ಭಾರ ಬಿದ್ದಂತೆ ನಡುವಿನ ಬಣ್ಣದ ಪದರಗಳು ಜಜ್ಜಿ ಹೋಗಿ, ಅಷ್ಟರಮಟ್ಟಿಗೆ ಬೋಲ್ಟು ಸಡಿಲಾಯಿತು. ಇದಕ್ಕಿಂತ ನನ್ನನ್ನು ನೋಯಿಸಿದ್ದು ಇನ್ನೊಂದು: ಮೊದಲ ಕೆಲವು ಲೋಡುಗಳ ಬಳಿಕ ಯು ಬೋಲ್ಟುಗಳನ್ನು ಮತ್ತೆ ಬಿಗಿಮಾಡಲೇಬೇಕು ಎಂಬ ಮಾತನ್ನು ಗಾಡಿ ಒಪ್ಪಿಸುವಾಗ ಅವರಲ್ಲಿ ಯಾರೂ ಹೇಳಲಿಲ್ಲ. ಕರ್ಣದ ಎರಡು ಮಿಲಿಮೀಟರಿಗೆ ಮಧ್ಯಾಹ್ನವಿಡೀ ದುಡಿದವರು ಈ ಒಂದು ವಾಕ್ಯವನ್ನು ಬಿಟ್ಟುಬಿಟ್ಟರು.

ಕಾರ್ಯಾಗಾರದವರು ಮೊದಲು ಹೆಚ್ಚು ಭಾರ ಹಾಕಿದ್ದೀರಿ ಎಂದರು. ಅದುವರೆಗಿನ ಎಲ್ಲ ವೇಬ್ರಿಡ್ಜ್ ಚೀಟಿಗಳನ್ನು ಮೇಜಿನ ಮೇಲಿಟ್ಟೆ; ಯಾವುದೂ 4,500 ದಾಟಿರಲಿಲ್ಲ. ಆಮೇಲೆ ಮಾತು ಬದಲಾಯಿತು. ಎರಡೂ ಕಡೆ ಬಿಚ್ಚಿ, ಕೂಡುವ ಮುಖಗಳ ಬಣ್ಣವನ್ನು ಉಕ್ಕು ಹೊಳೆಯುವವರೆಗೆ ಕೆರೆದು, ಸೆಂಟರ್ ಬೋಲ್ಟುಗಳನ್ನೂ ಯು ಬೋಲ್ಟುಗಳನ್ನೂ ಪೂರ್ತಿ ಹೊಸದಾಗಿ ಹಾಕಿ, ಭಾರ ಇಟ್ಟುಕೊಂಡೇ ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಟಾರ್ಕ್ ರೆಂಚಿನಿಂದ ಬಿಗಿದು ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ, ಆದರೆ ಕಟಾವಿನ ನಡುವೆ ಮೂರು ದಿನ ಹೋಯಿತು. ಆ ನಷ್ಟದ ಬಗ್ಗೆ ಅವರು ಏನೂ ಹೇಳಲಿಲ್ಲ. ಈಗ ಅಲ್ಲಿ ಗಾಡಿ ತೆಗೆದುಕೊಳ್ಳುವವರಿಗೆ ಬಿಲ್ಲಿನ ಹಿಂಬದಿಯಲ್ಲಿ, ಐದನೆಯ ಲೋಡಿಗೆ ಮತ್ತು ಇಪ್ಪತ್ತನೆಯ ಲೋಡಿಗೆ ಯು ಬೋಲ್ಟ್ ಬಿಗಿಮಾಡಿಸಿ ಎಂದು ಕೈಬರಹದಲ್ಲಿ ಬರೆದುಕೊಡುತ್ತಿದ್ದಾರೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಸಣ್ಣ ಕೊರತೆಗಳೂ ಇವೆ. ಅಡ್ಡ ಚಾನಲುಗಳ ಒಳಮೂಲೆಯಲ್ಲಿ ಬೆಸುಗೆಯ ಕಿಟ್ಟವನ್ನು ಪೂರ್ತಿ ತೆಗೆಯದೆ ಬಣ್ಣ ಹೊಡೆದಿದ್ದರು. ಮೊದಲ ಮಳೆಗಾಲದಲ್ಲೇ ಅಲ್ಲಿ ಬಣ್ಣ ಎದ್ದಿತು. ಹಿಂದಿನ ದೀಪದ ವೈರನ್ನು ಚಾನಲಿನೊಳಗೆ ಕಟ್ಟದೆ ತೂಗಬಿಟ್ಟಿದ್ದರಿಂದ ಕಬ್ಬಿನ ಗರಿಗೆ ಸಿಕ್ಕಿ ಎರಡು ಬಾರಿ ಕಿತ್ತುಬಂತು. ಕತ್ತಲಲ್ಲಿ ಸರ್ವಿಸ್ ರಸ್ತೆಯಲ್ಲಿ ನಿಂತ ಕಬ್ಬಿನ ಗಾಡಿಗೆ ಹಿಂದಿನಿಂದ ಬೈಕಿನವರು ಬಂದು ಬಡಿಯುವುದನ್ನು ಕಂಡ ಊರು ನಮ್ಮದು. ಆದ್ದರಿಂದ ದೀಪವನ್ನೂ ಪ್ರತಿಫಲಕ ಪಟ್ಟಿಯನ್ನೂ ಸಣ್ಣ ವಿಷಯವೆಂದು ನಾನು ಎಣಿಸುವುದಿಲ್ಲ. ವೈರನ್ನು ಪೈಪಿನೊಳಗೆ ಹಾಯಿಸಿ ನಾನೇ ಕಟ್ಟಿಸಿದೆ.

ಕಾಗದಪತ್ರಗಳ ವಿಷಯದಲ್ಲಿ ಅವರದು ಅಚ್ಚುಕಟ್ಟು. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು, ಅದಕ್ಕೆ ಮಾರಾಟದ ಪತ್ರವಾಗಿ ನಮೂನೆ 21, ರಸ್ತೆಗೆ ಯೋಗ್ಯವೆಂಬ ಪತ್ರವಾಗಿ ನಮೂನೆ 22, ಅರ್ಜಿಯಾಗಿ ನಮೂನೆ 20 ಇರಬೇಕು. ನಾವು ಕೇಳಿದ ಬದಲಾವಣೆಗಳೆಲ್ಲ ಅವರ ಅನುಮೋದಿತ ಮಾದರಿಯ ಹೊರ ಅಳತೆ ಮತ್ತು ತೂಕದ ಮಿತಿಯೊಳಗೇ ನಿಲ್ಲುತ್ತವೆಯೇ ಎಂದು ಕಬ್ಬಿಣ ಕತ್ತರಿಸುವ ಮೊದಲೇ ಕೇಳಿ ಖಚಿತಪಡಿಸಿಕೊಂಡೆವು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಆಮೇಲೆ ಮನಸ್ಸಿಗೆ ಬಂದಂತೆ ಮಾಡಿಸಲು ಬರುವುದಿಲ್ಲ. ಹೆಚ್ಚು ಭಾರ ಹೇರಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಕೆ.ಎ. 11ರ ಸಂಖ್ಯೆ ನಮಗೆ ಯಾವ ತಕರಾರೂ ಇಲ್ಲದೆ ಸಿಕ್ಕಿತು.

ಒಟ್ಟು ಖರ್ಚು 2,18,000 ರೂಪಾಯಿ ಆಯಿತು. ಅಂಗಳದಲ್ಲಿ ನಿಂತಿದ್ದ ಅದೇ ಅಳತೆಯ ಸಿದ್ಧ ಟ್ರೇಲರಿಗಿಂತ ಇದು 31,000 ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸ ಆಕ್ಸಲ್ ಮತ್ತು ಕಮಾನಿಗೆ ಹೋಯಿತು. ಇಪ್ಪತ್ತು ದಿನ ಎಂದು ಹೇಳಿ ಮೂವತ್ತೆರಡು ದಿನ ತೆಗೆದುಕೊಂಡರು. ವರ್ಷಕ್ಕೆ ಹತ್ತಾರು ಲೋಡು ಗೊಬ್ಬರ ಮಾತ್ರ ಸಾಗಿಸುವವರಿಗೆ ಇಷ್ಟು ಖರ್ಚಿನ ಅಗತ್ಯ ನನಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಎರಡು ಲೋಡು ಕಬ್ಬು ಹೊರಬೇಕಾದವರು ಆ 31,000ಕ್ಕೆ ಹಿಂದೆ ಮುಂದೆ ನೋಡಬಾರದು.

ಎರಡನೇ ಹಂಗಾಮು ಮುಗಿದ ಮೇಲೆ ಗಾಡಿಯನ್ನು ತೊಳೆದು, ಹ್ಯಾಂಗರುಗಳ ಸುತ್ತಲೂ ಮೂಲೆ ಪ್ಲೇಟುಗಳ ತುದಿಗಳಲ್ಲೂ ಸೀಮೆಎಣ್ಣೆ ಸವರಿ, ಸುಣ್ಣದ ಕಡ್ಡಿ ಉಜ್ಜಿ ನೋಡಿದೆ. ಎಂಟು ಜಾಗಗಳಲ್ಲಿ ಎಲ್ಲಿಯೂ ಗೆರೆ ಮೂಡಲಿಲ್ಲ. ಕರ್ಣಗಳ ವ್ಯತ್ಯಾಸ 3 ಮಿಲಿಮೀಟರ್ ಇದೆ. ಟೈರುಗಳು ಎರಡೂ ಪಕ್ಕ ಸಮನಾಗಿ ಸವೆದಿವೆ. ಖಾಲಿ ಗಾಡಿಯಲ್ಲಿ ಆಕ್ಸಲ್ ಮತ್ತು ಚಾನಲಿನ ನಡುವಿನ ಅಂತರ ಹೊಸದಿದ್ದಾಗಿನದಕ್ಕಿಂತ 4 ಮಿಲಿಮೀಟರ್ ಕಡಿಮೆಯಾಗಿದೆ. ಹೊಸ ಕಮಾನು ಇಷ್ಟು ಕೂರುವುದು ಸಹಜವೆಂದು ಮೇಸ್ತ್ರಿ ಹೇಳಿದರು. ಬಲಗಡೆಯ ಹಿಂದಿನ ಶ್ಯಾಕಲಿನ ಕಂಚಿನ ಬುಷ್ ಮಾತ್ರ ಸವೆದು, ಪಿನ್ನು ಅಲುಗಾಡಿಸಿದರೆ ಲೊಟಲೊಟ ಎನ್ನುತ್ತದೆ. ಆ ಕಡೆಯ ನಿಪ್ಪಲ್ ಕೆಸರಿನಿಂದ ಕಟ್ಟಿಕೊಂಡು ಗ್ರೀಸ್ ಒಳಗೆ ಹೋಗುತ್ತಿರಲಿಲ್ಲ. ಮುಂದಿನ ಕಟಾವಿಗೆ ಮೊದಲು ನಾಲ್ಕೂ ಬುಷ್ ಬದಲಿಸಿ, ನಿಪ್ಪಲುಗಳಿಗೆ ರಬ್ಬರಿನ ಟೋಪಿ ಹಾಕಿಕೊಡಲು ಅದೇ ಕಾರ್ಯಾಗಾರಕ್ಕೆ ಹೇಳಿ ಬಂದಿದ್ದೇನೆ.